ಯಾವ ದನ ಅಂತ ಬರೆಯಬೇಕಲ್ವಾ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಓದುಗರ ಪುಟದಲ್ಲಿ ಈಚೆಗೆ ಒಂದೇ ರಾಗದ ಪತ್ರಗಳು ಜಾಸ್ತಿ ಬರುತ್ತಿವೆ. ಮೊಬೈಲು ಬಂದು ಮಕ್ಕಳ ಕೈಬರಹ ಕೆಟ್ಟಿತು, ಯಾರಿಗೂ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುವುದಿಲ್ಲ, ಒಂದು ತಿಂಗಳು ಇಂಟರ್‌ನೆಟ್ ಬಂದ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ. ಬರೆಯುವವರು ಹೆಚ್ಚಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರು. ಓದಿ ಓದಿ ನನಗೂ ಎರಡು ಮಾತು ಬರೆಯೋಣ ಅನ್ನಿಸಿತು. ನಾನು ಬರೆಯಲು ಕಲಿತದ್ದೇ ಲಾಕ್‌ಡೌನ್‌ನಲ್ಲಿ, ಅದೂ ಇಂಟರ್‌ನೆಟ್ ಇಲ್ಲದ ಊರಿನಲ್ಲಿ ಕೂತು. ಹಾಗಂತ ಇಂಟರ್‌ನೆಟ್ ಬೇಡ ಅಂತ ಮಾತ್ರ ಹೇಳುವುದಿಲ್ಲ. ಎರಡನ್ನೂ ಹೇಳಬೇಕಾಗಿರುವುದರಿಂದ ಪತ್ರ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ ದಡ. ತುಮರಿ ಕಡೆ ಅಂದರೆ ಸಿಗಂದೂರಿಗೆ ಬಂದುಹೋದವರಿಗೆಲ್ಲ ಗೊತ್ತಾಗುತ್ತದೆ. 2025ರ ಜುಲೈನಲ್ಲಿ ಸೇತುವೆ ಆಯಿತು, ಈಗ ಹತ್ತು ನಿಮಿಷವೂ ಬೇಡ ದಾಟಲು. ನಾನು ಹೇಳುತ್ತಿರುವುದು 2020ರ ಮಾತು. ಆಗ ಲಾಂಚೇ ಗತಿ. ಬಸ್ಸು, ಜೀಪು, ಟಪಾಲು ಚೀಲ, ಪೇಪರ್ ಬಂಡಲ್ಲು, ಹೆರಿಗೆಗೆ ಹೊರಟ ಹೆಂಗಸು, ಎಲ್ಲ ಲಾಂಚಿನ ಮೇಲೇ ಹೋಗಬೇಕು. ಸುತ್ತಿ ಹೋದರೆ ರಸ್ತೆ ಇದೆ, ಆದರೆ ಅದು ಬಹಳ ದೂರದ ಹಾದಿ. ಸಂಜೆ ಲಾಂಚು ನಿಂತಿತು ಅಂದರೆ ಆಚೆಗಿದ್ದವರು ಆಚೆಗೆ, ಈಚೆಗಿದ್ದವರು ಈಚೆಗೆ.

ನೆಟ್‌ವರ್ಕ್ ಕತೆಯನ್ನೂ ಹೇಳಿಬಿಡುತ್ತೇನೆ. ಒಂದು ಕಂಪನಿಯ ಟವರ್ ಇದೆ. ಕರೆಂಟ್ ಇದ್ದರೆ ಟವರ್. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಬ್ಯಾಟರಿ ಕೂರುತ್ತದೆ, ಟವರೂ ಸುಮ್ಮನಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಗಂಟೆ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ. ಅದೆಲ್ಲ ಸರಿಯಿದ್ದಾಗಲೂ ನಮ್ಮ ಮನೆ ಇರುವುದು ಗುಂಡಿಯಲ್ಲಿ, ತೋಟದ ಪಕ್ಕ. ಮನೆ ಹಿಂದಿನ ಬೇಣ, ಅಂದರೆ ಹುಲ್ಲುಗುಡ್ಡ ಹತ್ತಿದರೆ ನೆತ್ತಿಯಲ್ಲಿ ಒಂದು ನೇರಳೆ ಮರ ಇದೆ. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ ಸಿಗ್ನಲ್. ಮರದ ಆ ಬದಿಗೆ ಹೋದರೆ ಒಂದೇ ಕಡ್ಡಿ.

ಆ ವರ್ಷ ಮಗಳು ಎಸ್ಸೆಸ್ಸೆಲ್ಸಿ. ಮಾರ್ಚ್ 27ಕ್ಕೆ ಪರೀಕ್ಷೆ ಶುರುವಾಗಬೇಕಿತ್ತು. 22ಕ್ಕೆ ಜನತಾ ಕರ್ಫ್ಯೂ, 24ರ ರಾತ್ರಿ ಲಾಕ್‌ಡೌನ್ ಘೋಷಣೆ. ಪರೀಕ್ಷೆ ಮುಂದಕ್ಕೆ ಹೋಯಿತು, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ನಡೆದದ್ದು ಜೂನ್ 25ರಿಂದ. ಈ ಮೂರು ತಿಂಗಳು ಮಗಳು ಓದಿದ್ದೆಲ್ಲ ನೇರಳೆ ಮರದ ಬುಡದಲ್ಲಿ. ಮೇಷ್ಟ್ರು ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆಪತ್ರಿಕೆ ಕಳಿಸುತ್ತಿದ್ದರು, ಇವಳು ಹತ್ತಿ ಹೋಗಿ ಇಳಿಸಿಕೊಂಡು ಬರುತ್ತಿದ್ದಳು. ಮೇ ಕೊನೆಗೆ ಮಳೆ ಹಿಡಿಯಿತು. ಕೊಡೆ ಹಿಡಿಯಲು ಅಪ್ಪ, ಫೋನ್ ಹಿಡಿಯಲು ಮಗಳು. ಇಳಿದು ಬಂದ ಮೇಲೆ ಇಬ್ಬರ ಕಾಲಿನ ಉಂಬಳ (ಜಿಗಣೆ) ಕೀಳಲು ನಾನು.

ಟಿ.ವಿ.ಯಲ್ಲಿ ಬೆಂಗಳೂರಿನ ಮನೆಗಳನ್ನು ತೋರಿಸುತ್ತಿದ್ದರು. ಲಾಕ್‌ಡೌನ್ ಅಂತ ಒಬ್ಬರು ಕೇಕ್ ಕಲಿತರು, ಒಬ್ಬರು ಗಿಟಾರ್ ಕಲಿತರು. ನನ್ನ ತಮ್ಮ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, “ಅಕ್ಕಾ, ನಿನಗೆ ಕತೆ ಗಿತೆ ಬರೆಯುವ ಆಸೆ ಇತ್ತಲ್ಲ, ಬರವಣಿಗೆ ಕಲಿಸುವ ಆನ್‌ಲೈನ್ ಕ್ಲಾಸಿಗೆ ನಿನ್ನ ಹೆಸರು ಕೊಟ್ಟಿದ್ದೇನೆ” ಅಂದ. 499 ರೂಪಾಯಿ ಅವನೇ ಕಟ್ಟಿದ್ದ. ಕ್ಲಾಸು ಸಂಜೆ ಏಳಕ್ಕೆ. ಟಾರ್ಚ್ ಹಿಡಿದುಕೊಂಡು ಹತ್ತಿದೆ. ಪರದೆಯಲ್ಲಿ ಸರ್ ಬಾಯಿ ತೆರೆದುಕೊಂಡು ನಿಂತೇ ಬಿಟ್ಟಿದ್ದರು, ಮಾತು ಮಾತ್ರ ತುಂಡು ತುಂಡಾಗಿ ಬರುತ್ತಿತ್ತು. “ಮನಸ್ಸಿಗೆ ಬಂದದ್ದನ್ನು ಹತ್ತು ನಿಮಿಷ ನಿಲ್ಲಿಸದೆ ಬರೆಯಿರಿ, ಒಳಗಿರುವುದನ್ನು ಹೊರಗೆ ಬಿಡಿ” ಅಂದರು. ನನ್ನ ಮನಸ್ಸಿಗೆ ಬಂದದ್ದು ಒಂದೇ, ಒಲೆ ಮೇಲೆ ಅನ್ನಕ್ಕಿಟ್ಟು ಬಂದಿದ್ದೇನೆ ಅನ್ನುವುದು. ಎಂಟು ಕ್ಲಾಸಿನಲ್ಲಿ ಮೂರಕ್ಕೆ ಹೋದೆ. ಒಂದು ಸಾಲನ್ನೂ ಬರೆದು ತೋರಿಸಲಿಲ್ಲ. ಕೊನೆಗೆ ಸರ್ಟಿಫಿಕೇಟ್ ಬಂತು, ಹೆಸರಲ್ಲಿ ಒಂದು ಅಕ್ಷರ ತಪ್ಪು. ಅದನ್ನು ಇಳಿಸಿಕೊಳ್ಳಲು ಹಿಡಿದ ಸಮಯ ಇಪ್ಪತ್ತು ನಿಮಿಷ.

ಬರೆಯಲು ಕಲಿಸಿದ್ದು ನಮ್ಮತ್ತೆ. ಅವರಿಗೆ ಅಕ್ಷರ ಬರುವುದಿಲ್ಲ.

ನನ್ನ ನಾದಿನಿಯನ್ನು ಉತ್ತರ ಕನ್ನಡದ ಜೊಯಿಡಾ ಕಡೆ ಒಂದು ಹಳ್ಳಿಗೆ ಕೊಟ್ಟಿದೆ. ನಮ್ಮದು ಕಾಡು ಅಂದರೆ ಅದು ಕಾಡಿನ ಒಳಗಿನ ಕಾಡು, ನೆಟ್‌ವರ್ಕ್ ವಿಷಯದಲ್ಲಿ ನಮಗೂ ಬಡವರು. ಪ್ರತಿ ವರ್ಷ ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು ಹದಿನೈದು ದಿನ ಇದ್ದು, ಹಪ್ಪಳ ಸಂಡಿಗೆ ಮಾಡಿಕೊಂಡು ಹೋಗುವವಳು ಆ ವರ್ಷ ಬರಲಿಲ್ಲ. ಹೇಗೆ ಬರುತ್ತಾಳೆ, ಬಸ್ಸೇ ಇಲ್ಲ. ಬಸ್ಸು ಬಿಟ್ಟದ್ದು ಮೇ 19ಕ್ಕೆ, ಅಷ್ಟೊತ್ತಿಗೆ ಜನಕ್ಕೆ ಬಸ್ಸು ಹತ್ತಲು ಹೆದರಿಕೆ. ಜೂನ್‌ನಲ್ಲಿ ಎಲ್ಲೋ ಮರ ಬಿದ್ದು ಲ್ಯಾಂಡ್‌ಲೈನ್ ವೈರೂ ತುಂಡಾಯಿತು. ಮೊದಲೆಲ್ಲ ಮಗಳಿಗೆ ಕಾಗದ ಬರೆಯುತ್ತಿದ್ದವರು ಮಾವ. ಅವರ ಅಕ್ಷರ ಅಂದರೆ ಮುತ್ತು. ಆದರೆ ಕಣ್ಣಿಗೆ ಪೊರೆ ಬಂದು, ಆಪರೇಷನ್ ಏಪ್ರಿಲ್‌ಗೆ ಅಂತ ಆಗಿದ್ದು ಲಾಕ್‌ಡೌನ್‌ನಿಂದ ಮುಂದಕ್ಕೆ ಹೋಗಿತ್ತು. “ನೀನು ಬರಿಯೇ, ನಾ ಹೇಳ್ತೆ” ಅಂದರು ಅತ್ತೆ.

ಪೋಸ್ಟ್‌ಮ್ಯಾನ್ ಹತ್ತಿರ ಹೇಳಿ ಇನ್‌ಲ್ಯಾಂಡ್ ತರಿಸಿದೆವು. 2 ರೂಪಾಯಿ 50 ಪೈಸೆ. ಹತ್ತು ತರಲು ಹೇಳಿದರೆ ನಾಲ್ಕು ತಂದುಕೊಟ್ಟು, “ಸ್ಟಾಕ್ ಇಲ್ಲಮ್ಮ, ಯಾರೂ ಕೇಳುವುದೂ ಇಲ್ಲ” ಅಂದ.

ಮೊದಲ ಕಾಗದ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಕಲಿತಂತೆ ಮೇಲೆ ಶ್ರೀ ಹಾಕಿ, ಚಿರಂಜೀವಿ ಅಂತ ಶುರುಮಾಡಿ, ಉಭಯಕುಶಲೋಪರಿ ಸಾಂಪ್ರತ ಬರೆದು, ಅತ್ತೆ ಹೇಳಿದ್ದನ್ನೆಲ್ಲ ಕೇಳಿ ಅದರ ಸಾರ ಇಳಿಸಿದೆ. “ಇಲ್ಲಿ ಎಲ್ಲರೂ ಕ್ಷೇಮ. ಮಳೆ ಜೋರಾಗಿದೆ. ದನ ಕರು ಹಾಕಿದೆ.” ಓದು ಅಂದರು. ಓದಿದೆ.

“ಯಾವ ದನ?”

ನಿಮಗೆ ಗೊತ್ತಲ್ಲ ಅತ್ತೆ, ಚುಕ್ಕಿ ಅಂದೆ.

“ನನಗೆ ಗೊತ್ತು ಮಾರಾಯ್ತಿ. ಅವಳಿಗೆ? ಕೊಟ್ಟಿಗೆಯಲ್ಲಿ ನಾಲ್ಕು ದನ ಇದಾವೆ. ಯಾವ ದನ, ಗಂಡು ಕರುವಾ ಹೆಣ್ಣಾ, ಎಂತ ಬಣ್ಣ, ಯಾವತ್ತು ಹಾಕ್ತು? ಅವಳು ಇದನ್ನ ಓದಿ ಯಾರ ಹತ್ರ ಕೇಳ್ತಾಳೆ? ಪೋಸ್ಟ್‌ಮ್ಯಾನ್ ಹತ್ರ ಕೇಳ್ತಾಳಾ?”

ನಾನು ಹೇಳಬೇಕಾದ ಮಾತು ಬಹುಮಟ್ಟಿಗೆ ಇಷ್ಟೇ, ಸಂಪಾದಕರೇ. ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ಬರೆದರೆ ಸಾಕು, ಉಳಿದರ್ಧ ಆಚೆಯವರು ಕೇಳುತ್ತಾರೆ. ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ, ನಾವು ಇನ್ನರ್ಧ ಹೇಳುತ್ತೇವೆ. ಹಾಗಾಗಿ ಬರೆಯುವವರು ಯೋಚನೆ ಮಾಡುವುದೇ ಇಲ್ಲ, ಮಾಡುವ ಅಗತ್ಯವೂ ಇಲ್ಲ, ಅದು ಬರವಣಿಗೆಯಲ್ಲ, ಬೆರಳಿನಲ್ಲಿ ಆಡುವ ಮಾತು. ಅದರಲ್ಲಿ ತಪ್ಪೇನಿಲ್ಲ. ಕಾಗದ ಹಾಗಲ್ಲ. ಲಾಂಚು ದಾಟಿ, ಸಾಗರ ಸೇರಿ, ಅಲ್ಲಿಂದ ಘಟ್ಟ ಸುತ್ತಿ ಎಂಟು ದಿನಕ್ಕೆ ಮುಟ್ಟುವ ಹಾಳೆ ಅದು. ಓದುವವಳು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಬರೆಯುವವರೇ ಮೊದಲು ಕೇಳಿಕೊಂಡು ಉತ್ತರ ಹಾಕಿ ಕಳಿಸಬೇಕು. ಆ ಮೂರು ಕ್ಲಾಸಿನಲ್ಲಿ ಸರ್ ನನ್ನ ಒಳಗಿರುವುದನ್ನು ಹೊರಗೆ ಬಿಡಿ ಅಂದರೇ ಹೊರತು, ಯಾರು ಓದುತ್ತಾರೆ ಅಂತ ಒಮ್ಮೆಯೂ ಕೇಳಲಿಲ್ಲ.

ಮತ್ತೆ ಬರೆದೆ. “ಹೋದ ಮಂಗಳವಾರ ಬೆಳಗಿನ ಜಾವ ಚುಕ್ಕಿ ಹೆಣ್ಣು ಕರು ಹಾಕಿತು. ಕಂದು ಬಣ್ಣ, ಹಣೆಯಲ್ಲಿ ಅದರಮ್ಮನ ಹಾಗೇ ಬಿಳಿ. ಗಿಣ್ಣ ಮಾಡಿದೆವು. ನಿನ್ನ ಪಾಲಿನದ್ದನ್ನು ಬಾಳೆ ಎಲೆ ಮುಚ್ಚಿ ಇಟ್ಟಿದ್ದೆ, ಸಂಜೆ ನಿನ್ನ ಅಪ್ಪ ತಿಂದರು.” ಕೊನೆಯ ಸಾಲು ಅತ್ತೆಯ ಬಾಯಿಂದ ಬಂದದ್ದು ಹಾಗೆಯೇ. ಅದನ್ನು ಬರೆಯುವುದಾ ಬಿಡುವುದಾ ಅಂತ ನನಗೆ ಅನುಮಾನವಾಗಿತ್ತು. ಆಮೇಲೆ ನಾದಿನಿ ಹೇಳಿದಳು, ಆ ಸಾಲನ್ನು ಅವಳು ಗಂಡನಿಗೆ, ಅತ್ತೆಗೆ, ಪಕ್ಕದ ಮನೆಯವರಿಗೆ, ಹೀಗೆ ನಾಲ್ಕೈದು ಸಲ ಓದಿ ಹೇಳಿದ್ದಾಳೆ.

ಎರಡನೇ ಕಾಗದದಲ್ಲಿ ಒಂದು ಎಡವಟ್ಟಾಯಿತು. ಮಾವನಿಗೆ ಜುಲೈನಲ್ಲಿ ಕೆಮ್ಮು ಬಂತು. ಸುಮ್ನೆ ಮಳೆಗಾಲದ ಕೆಮ್ಮು, ಕಷಾಯ ಕುಡಿದು ನಾಲ್ಕು ದಿನಕ್ಕೆ ಇಳಿಯಿತು. ಅತ್ತೆ ಹೇಳಿದರು, ನಾನು ಬರೆದೆ, “ಮಾವನಿಗೆ ಸ್ವಲ್ಪ ಕೆಮ್ಮು.” ಕಾಗದ ಬರೆಯುತ್ತಿರುವುದು ಅತ್ತೆಯ ಹೆಸರಲ್ಲಿ, ತಾಯಿ ಮಗಳಿಗೆ. ಆದರೆ ಕೈ ನನ್ನದು, ನನಗೆ ಅವರು ಮಾವ. ಆ ಕಾಗದ ಜೊಯಿಡಾ ಮುಟ್ಟಿದ ದಿನ ನಾದಿನಿಯ ಮಾವ, ಅಂದರೆ ಅವಳ ಗಂಡನ ಅಪ್ಪ, ಜಗುಲಿಯಲ್ಲಿ ಕೂತು ನಿಜವಾಗಿಯೂ ಕೆಮ್ಮುತ್ತಿದ್ದರಂತೆ. 2020ರ ಜುಲೈ ನೆನಪು ಮಾಡಿಕೊಳ್ಳಿ. ಯಾರಾದರೂ ಕೆಮ್ಮಿದರೆ ಊರೇ ತಿರುಗಿ ನೋಡುವ ಕಾಲ. ತವರಿನವರಿಗೆ ಇದು ಹೇಗೆ ಗೊತ್ತಾಯಿತು, ಊರೆಲ್ಲ ಸುದ್ದಿ ಹಬ್ಬಿದೆಯಾ, ಆಸ್ಪತ್ರೆಯವರು ಬಂದು ಕರೆದುಕೊಂಡು ಹೋಗುತ್ತಾರಾ ಅಂತ ಆ ಮನೆಯಲ್ಲಿ ಎರಡು ದಿನ ಯಾರಿಗೂ ನಿದ್ದೆಯಿಲ್ಲ. ಅವಳ ಉತ್ತರ ಬಂದ ಮೇಲೆ ನಮಗೆ ಗೊತ್ತಾದದ್ದು. ಈಗ ನಗುತ್ತೇವೆ. ಆಗ ಅತ್ತೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ, “ನೀನು ಬರಿವಾಗ ನಾನಾಗಿ ಕೂತ್ಕೋಬೇಕು, ನೀನೇ ಕೂತ್ಕಂಡ್ರೆ ಹಿಂಗೇ ಆಗ್ತದೆ.”

ಕೆಮ್ಮಿನ ವಿಷಯದಲ್ಲಿ ಇನ್ನೊಂದು ತಪ್ಪನ್ನು ಮಾವ ತೋರಿಸಿಕೊಟ್ಟರು. ಕೆಮ್ಮು ಬಂತು ಅಂತ ಮೇಲೆ ಬರೆದು, ಇಳಿಯಿತು ಅನ್ನುವುದನ್ನು ಮೂರು ಸಾಲು ಬಿಟ್ಟು ಬರೆದಿದ್ದೆ. “ಇಳಿದದ್ದನ್ನ ಮೊದಲು ಬರೆಯಬೇಕು. ಓದುವವರ ಎದೆ ಮೂರು ಸಾಲು ಯಾಕೆ ಹೊಡ್ಕೋಬೇಕು?” ಅಂದರು. ಕಾಗದ ಎಂಟು ದಿನ ಹಳೆಯದಾಗಿಯೇ ಮುಟ್ಟುವುದರಿಂದ, ಇನ್ನೂ ಇಳಿಯದ ಕಾಯಿಲೆಯನ್ನು ಬರೆಯಲೇಬಾರದು, ಇಳಿದ ಮೇಲೆ ಬರೆಯಬೇಕು ಅನ್ನುವುದು ಅವರ ಕಾಲದ ಲೆಕ್ಕ. ಒಪ್ಪುವುದು ಬಿಡುವುದು ಬೇರೆ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರಲ್ಲಿ ಇಷ್ಟು ಇದೆ ಅಂತ ನನಗೆ ಮೊದಲ ಸಲ ಗೊತ್ತಾಯಿತು.

ಇನ್ನು ಜಾಗದ ಪ್ರಶ್ನೆ. ಇನ್‌ಲ್ಯಾಂಡಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ಬರೆದವರಿಗೆ ಗೊತ್ತು. ಅತ್ತೆ ಕೂತರೆ ಒಂದು ಗಂಟೆ ಹೇಳುತ್ತಾರೆ. ಮೊದಲೆರಡು ಕಾಗದದಲ್ಲಿ ಅರ್ಧಕ್ಕೇ ಜಾಗ ಮುಗಿದು, ಮಡಿಸುವ ಅಂಚಿನಲ್ಲಿ ಅಡ್ಡಡ್ಡ ಇರುವೆ ಸಾಲಿನ ಹಾಗೆ ಬರೆದಿದ್ದೆ, ನಾದಿನಿ ಕತ್ತರಿಯಲ್ಲಿ ಬಿಡಿಸುವಾಗ ಒಂದು ಸಾಲು ಹರಿದೇ ಹೋಗಿತ್ತು. ಮೂರನೆಯದಕ್ಕೆ ಬುದ್ಧಿ ಬಂತು. ಮಗಳ ರಫ್ ಪುಸ್ತಕದಲ್ಲಿ ಮೊದಲು ಗೀಚಿಕೊಂಡೆ. ಯಾವುದು ಬೇಕು ಯಾವುದು ಬೇಡ ಅಂತ ಅತ್ತೆಯೂ ನಾನೂ ಜಗಳವಾಡಿದೆವು. ಉಭಯಕುಶಲೋಪರಿ ಮೊದಲು ಹೋಯಿತು. “ಮಳೆ ಜೋರಾಗಿದೆ” ಹೋಗಿ ಅದರ ಜಾಗಕ್ಕೆ “ತೋಟದ ಕಾಲುಸಂಕ ಕೊಚ್ಚಿಕೊಂಡು ಹೋಯಿತು” ಬಂತು. ಆಷಾಢದ ಮಳೆ ಜೋರಾಗದೆ ಇರುತ್ತದಾ?

ಈ ಉಮೇದಿನಲ್ಲಿ ಮಾವನ ಟ್ರಂಕು ತೆಗೆದೆವು. ಹಳೆಯ ಕಾಗದಗಳು ಕಂತೆ ಕಂತೆ. ಅದರಲ್ಲಿ ಒಂದು ಕಾರ್ಡು 1964ರದ್ದು, ಮಾವನ ಅಪ್ಪ ತಮ್ಮನಿಗೆ ಬರೆದದ್ದು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುತ್ತಿದ್ದ ಸಮಯ. ನಮ್ಮ ಕಡೆ ಅದಕ್ಕೆ ಮುಳುಗಡೆ ಅನ್ನುತ್ತೇವೆ, ಆ ಒಂದು ಶಬ್ದ ಸಾಕು, ಹಿರಿಯರೆಲ್ಲ ಸುಮ್ಮನಾಗುತ್ತಾರೆ. ಕಾರ್ಡಿನಲ್ಲಿ ಇದ್ದದ್ದು ಇಷ್ಟು. “ಈ ದಿವಸ ನೀರು ತುಳಸಿಕಟ್ಟೆ ಮುಟ್ಟಿತು. ಜಗುಲಿಯ ಐದು ಮೆಟ್ಟಿಲಲ್ಲಿ ಮೂರು ಕಾಣುವುದಿಲ್ಲ. ಪ್ರಧಾನ ಬಾಗಿಲು ಬಿಚ್ಚಿ ಗಾಡಿಗೆ ಹಾಕಿದೆ. ಅಬ್ಬೆ ಬರಲು ಒಪ್ಪಲಿಲ್ಲ, ಎತ್ತಿಕೊಂಡು ಬಂದೆವು.” ಅಳು ಅಂತಿಲ್ಲ, ದುಃಖ ಅಂತಿಲ್ಲ. ಪ್ರೈಮರಿ ಶಾಲೆ ಮುಗಿಸಿರದ ಮನುಷ್ಯ ಮೆಟ್ಟಿಲು ಎಣಿಸಿ ಬರೆದಿದ್ದಾನೆ. ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ, ನಾನು ಓದಿದೆ. ಅವರು ಎದ್ದು ಹೋಗಿ ಆ ಬಾಗಿಲನ್ನು ಮುಟ್ಟಿ ಬಂದರು. ಈಗಿನ ನಮ್ಮ ಮನೆಯ ಬಾಗಿಲು ಅದೇ.

ಇಷ್ಟು ಓದಿದ ಮೇಲೆ, ನೋಡಿ ಇಂಟರ್‌ನೆಟ್ ಇಲ್ಲದಿದ್ದರೆ ಎಷ್ಟು ಚೆನ್ನ ಅಂತ ನಿಮ್ಮ ಓದುಗರು ಹೇಳಿಬಿಡುತ್ತಾರೆ. ಅಲ್ಲೇ ನನಗೆ ಸಿಟ್ಟು ಬರುವುದು.

ಪೇಟೆಯವರು ಒಂದು ವಾರ ಫೋನ್ ಆಫ್ ಮಾಡಿ ಹೋಂಸ್ಟೇಗೆ ಬಂದು, ಆಹಾ ನೆಟ್‌ವರ್ಕೇ ಇಲ್ಲ, ಎಂಥಾ ನೆಮ್ಮದಿ ಅನ್ನುತ್ತಾರೆ. ವಾರ ಮುಗಿದ ಮೇಲೆ ಅವರಿಗೆ ವಾಪಸ್ ಹೋಗಲು ನೆಟ್‌ವರ್ಕ್ ಇರುವ ಊರಿದೆ. ನಮ್ಮ ಪಾಡು ಬೇರೆ. ರೇಷನ್ ತರಲು ಹೋದರೆ ಹೆಬ್ಬೆಟ್ಟು ಒತ್ತಬೇಕು, ಸರ್ವರ್ ಇಲ್ಲ ಅಂದರೆ ಚೀಲ ಖಾಲಿ. ಪಹಣಿ ಬೇಕೆಂದರೆ ಕಂಪ್ಯೂಟರ್. ಬೆಳೆ ವಿಮೆ, ಸ್ಕಾಲರ್‌ಶಿಪ್, ಕಾಲೇಜು ಅಡ್ಮಿಷನ್, ಅಡಿಕೆ ಧಾರಣೆ, ಎಲ್ಲ ಅದರಲ್ಲೇ. ಲಾಕ್‌ಡೌನ್‌ನಲ್ಲಿ ಬ್ಯಾಂಕಿಗೆ ಹೋಗಲಾಗದವರಿಗೆ ಅಂಚೆಯವರು ಮನೆ ಬಾಗಿಲಿಗೇ ಬಂದು ಆಧಾರ್ ಬೆರಳಚ್ಚು ತೆಗೆದುಕೊಂಡು ಖಾತೆಯ ದುಡ್ಡು ಕೊಡುತ್ತಿದ್ದರು, ಒಳ್ಳೆಯ ಕೆಲಸ. ಆದರೆ ಆ ಪುಟ್ಟ ಯಂತ್ರಕ್ಕೂ ಸಿಗ್ನಲ್ ಬೇಕು. ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿಯನ್ನು ಅವರ ಮೊಮ್ಮಗ ಬೆನ್ನ ಮೇಲೆ ಹೊತ್ತು ನೇರಳೆ ಮರದ ಬುಡಕ್ಕೆ ತಂದ. ಅಜ್ಜಿಯ ಹೆಬ್ಬೆರಳು ಸವೆದು ಗೆರೆ ಕಾಣುವುದಿಲ್ಲ. ಎರಡು ಸಲ ಒತ್ತಿಸಿದರು, ಬರಲಿಲ್ಲ. ಮೂರನೇ ಸಲಕ್ಕೆ ಸಿಗ್ನಲ್ ಹೋಯಿತು. ಇಳಿಸಿಕೊಂಡು ಹೋದ. ಮಾರನೇ ದಿನ ಮತ್ತೆ ಹೊತ್ತು ತಂದ. ಇಂಟರ್‌ನೆಟ್ ಇಲ್ಲದ ಬದುಕನ್ನು ಕಲ್ಪನೆ ಮಾಡಿಕೊಳ್ಳುವವರು ಆ ಹುಡುಗನ ಬೆನ್ನನ್ನೂ ಕಲ್ಪನೆ ಮಾಡಿಕೊಳ್ಳಲಿ.

ಮಕ್ಕಳ ಮಾತು ಹೇಳುವುದೇ ಬೇಡ. ಚಂದನದಲ್ಲಿ ಪಾಠ ಬರುತ್ತಿತ್ತು, ಕರೆಂಟ್ ಇರುತ್ತಿರಲಿಲ್ಲ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರುವಾಯಿತು, ಮೇಷ್ಟ್ರುಗಳು ಊರಿಗೇ ಬಂದು ದೇವಸ್ಥಾನದ ಜಗುಲಿಯಲ್ಲಿ, ಕೊಟ್ಟಿಗೆಯ ಮಾಡಿನಡಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ನನ್ನ ಲೆಕ್ಕದಲ್ಲಿ ಆ ಎರಡು ವರ್ಷದಲ್ಲಿ ನಡೆದ ಸರಿಯಾದ ಪಾಠ ಅದೊಂದೇ. ಅಕ್ಟೋಬರ್‌ನಲ್ಲಿ ಸೋಂಕಿನ ಹೆದರಿಕೆಯಿಂದ ಅದನ್ನೂ ನಿಲ್ಲಿಸಿದರು. ಆಮೇಲೆ ಮತ್ತೆ ಬೇಣ, ಮತ್ತೆ ಉಂಬಳ. ಮಲೆನಾಡಿನ ಕೆಲವು ಊರುಗಳಲ್ಲಿ ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಅಂತ ಬೋರ್ಡ್ ಬರೆದು ನಿಲ್ಲಿಸಿದರು. ಸುಮ್ಮಸುಮ್ನೆ ನಿಲ್ಲಿಸಿದ್ದಲ್ಲ.

ಕಾಶ್ಮೀರದವರ ಸುದ್ದಿಯನ್ನು ನಿಮ್ಮಂಥ ಪತ್ರಿಕೆಗಳಲ್ಲೇ ಓದಿದ್ದೇವೆ. 2019ರ ಆಗಸ್ಟ್ 5ಕ್ಕೆ ಹೋದ ಇಂಟರ್‌ನೆಟ್ 4ಜಿ ಆಗಿ ಎಲ್ಲ ಕಡೆ ವಾಪಸ್ ಬಂದದ್ದು 2021ರ ಫೆಬ್ರುವರಿ 5ಕ್ಕೆ. ಹದಿನೆಂಟು ತಿಂಗಳು. ಅದರ ನಡುವೆ ಲಾಕ್‌ಡೌನೂ ಬಂದು ಹೋಯಿತು, ಅಲ್ಲಿಯ ಮಕ್ಕಳು 2ಜಿಯಲ್ಲಿ ಪಾಠ ಕೇಳಿದರು. ಅವರ ಹತ್ತಿರ ಹೋಗಿ, ಇಂಟರ್‌ನೆಟ್ ಇಲ್ಲದಿದ್ದರೆ ಬರವಣಿಗೆ ಸುಧಾರಿಸುತ್ತದೆ ಅಂತ ಯಾರಾದರೂ ಹೇಳಿಯಾರಾ?

ಇನ್ನು 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್, ಫೇಸ್‌ಬುಕ್ ಆರು ಗಂಟೆ ನಿಂತುಹೋಗಿ ಜಗತ್ತೇ ಒದ್ದಾಡಿತಂತೆ. ನಮಗೆ ಗೊತ್ತಾದದ್ದು ಮರುದಿನ, ಲಾಂಚಿನಲ್ಲಿ ಬಂದ ಪೇಪರ್ ಓದಿ. ನಮ್ಮನೆಯವರು ಪೇಪರ್ ಮಡಿಸುತ್ತಾ, “ಆರೇ ಗಂಟೆಯಾ?” ಅಂದರು.

ಹಳೆಯ ಕಾಲವೂ ಚೆನ್ನಾಗಿತ್ತು ಅಂತ ಮಾವನೇ ಒಪ್ಪುವುದಿಲ್ಲ. ಅವರ ಅಕ್ಕ ಕುಂದಾಪುರ ಕಡೆ ಇದ್ದವರು, ಒಂದು ಆಷಾಢದಲ್ಲಿ ತೀರಿಕೊಂಡರು. ತಂತಿ ಕೊಟ್ಟಿದ್ದರಂತೆ, ಅದು ನಮ್ಮ ಕಡೆಗೆ ತಲುಪಲೇ ಇಲ್ಲ. ಕಾರ್ಡು ಬಂದದ್ದು ಹದಿನಾಲ್ಕನೇ ದಿನ. ಮೇಲೆ ಶ್ರೀ ಇರಲಿಲ್ಲ, ಅಷ್ಟಕ್ಕೇ ಗೊತ್ತಾಗಿಹೋಯಿತು ಅನ್ನುತ್ತಾರೆ. ಸಾವಿನ ಕಾಗದ ಮನೆ ಒಳಗೆ ತರುವ ಹಾಗಿಲ್ಲ, ಅಂಗಳದಲ್ಲೇ ಓದಿ, ಹರಿದು ಹಾಕಿ, ಮಿಂದು ಒಳಗೆ ಬಂದರು. ಅಷ್ಟೊತ್ತಿಗೆ ಅಲ್ಲಿ ಕ್ರಿಯೆ ಎಲ್ಲ ಮುಗಿದಿತ್ತು. ಈಗ ತಂತಿಯೂ ಇಲ್ಲ, 2013ರಲ್ಲೇ ನಿಂತಿತು. ಫೋನ್ ಇದ್ದಿದ್ದರೆ ಮುಖ ನೋಡಲು ಹೋಗಬಹುದಿತ್ತು ಅಂತ ಅವರು ಇವತ್ತಿಗೂ ಹೇಳುತ್ತಾರೆ. ನಾನು ಹಳೆಯ ಕಾಗದಗಳನ್ನು ಹೊಗಳಲು ಶುರುಮಾಡಿದಾಗಲೆಲ್ಲ ಇದೊಂದನ್ನು ಹೇಳಿ ನನ್ನ ಬಾಯಿ ಮುಚ್ಚಿಸುತ್ತಾರೆ.

ಹಾಗಾದರೆ ನಿನಗೆ ಬೇಕಾದದ್ದೇನಮ್ಮ ಅಂತ ನೀವು ಕೇಳಬಹುದು. ಟವರಿಗೆ ಡೀಸೆಲ್ ಬೇಕು, ಅದು ಮೊದಲು. ಆಮೇಲೆ ಶಾಲೆಯವರ ಹತ್ತಿರ ಒಂದು ಮಾತು.

ಮಗಳು ಪರೀಕ್ಷೆಗೆ ಓದುವಾಗ ಪತ್ರಲೇಖನ ಅಭ್ಯಾಸ ಮಾಡುತ್ತಿದ್ದಳು. ಶಾಲಾ ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ ಬರೆಯಿರಿ. ನಾನೂ ಅದನ್ನೇ ಬರೆದಿದ್ದೆ, ನೀವೂ ಬರೆದಿರಬಹುದು. ‘ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು’ ಅಂತ ಶುರುಮಾಡಿದ್ದಳು. ತೀರ್ಥರೂಪು ತಂದೆ ಎರಡು ಮಾರು ದೂರದಲ್ಲಿ ಕೂತು ಅಡಿಕೆ ಹಾಳೆ ತೊಳೆದು ಒಣಗಲು ಕಟ್ಟುತ್ತಿದ್ದರು. ಲಾಕ್‌ಡೌನ್, ಶಾಲೆಯೇ ಇಲ್ಲ, ಇನ್ನೆಲ್ಲಿಯ ಪ್ರವಾಸ. ಅವಳಿಗೆ ಪ್ರವಾಸವೂ ಬೇಕಿಲ್ಲ, ಅಪ್ಪನಿಗೆ ಕಾಗದವೂ ಬೇಕಿಲ್ಲ. ಬೇಕಾಗಿದ್ದು ಐದು ಅಂಕ. ಮೇಲೆ ವಿಳಾಸಕ್ಕೆ ಇಷ್ಟು, ಕೆಳಗೆ ಸಹಿಗೆ ಇಷ್ಟು ಅಂತ ಅಂಕ ಹಂಚಿಟ್ಟುಕೊಂಡಿದ್ದಾರೆ. ಹೀಗೆ ಕಲಿತ ಮಗುವಿಗೆ ಬರೆಯಲು ಬರುವುದಿಲ್ಲ ಅಂತ ಮೊಬೈಲನ್ನು ಯಾಕೆ ಬಯ್ಯಬೇಕು? ನನಗೂ ಬರುತ್ತಿರಲಿಲ್ಲ. ನಾನು ಹತ್ತನೇ ಕ್ಲಾಸು ಮುಗಿಸುವಾಗ ನಮ್ಮ ಊರಿನಲ್ಲಿ ಮೊಬೈಲೇ ಇರಲಿಲ್ಲ.

ಪೋಸ್ಟ್ ಕಾರ್ಡಿಗೆ 50 ಪೈಸೆ. ತಿಂಗಳಿಗೆ ಒಂದು ಕಾರ್ಡನ್ನು ಪ್ರತಿ ಮಗುವಿನ ಕೈಗೆ ಕೊಡಲಿ. ನಿಜವಾದ ಒಬ್ಬರಿಗೆ, ನಿಜವಾದ ಸುದ್ದಿ. ಅಜ್ಜನ ಮನೆಗೋ, ಬೇರೆ ಊರಿಗೆ ಹೋದ ಗೆಳತಿಗೋ. ಮೇಷ್ಟ್ರು ಕಾಗುಣಿತ ತಿದ್ದುವುದು ಆಮೇಲಿರಲಿ, ಓದಿ, ಯಾವ ದನ, ಯಾರ ಮಾವ ಅಂತ ಎರಡು ಪ್ರಶ್ನೆ ಕೇಳಲಿ, ಸಾಕು. ಆಮೇಲೆ ಡಬ್ಬಿಗೆ ಹಾಕಿಸಲಿ. ಕಾರ್ಡು ಸಿಗುವುದಿಲ್ಲ ಅನ್ನುವುದಾದರೆ, ಅದನ್ನು ಇಟ್ಟುಕೊಳ್ಳುವುದು ಅಂಚೆಯವರ ಕೆಲಸ, ಯಾರೂ ಕೇಳುವುದಿಲ್ಲ ಅಂತ ಅವರು ತರಿಸುವುದಿಲ್ಲ, ಸಿಗುವುದಿಲ್ಲ ಅಂತ ನಾವು ಕೇಳುವುದಿಲ್ಲ.

ನಿಮ್ಮ ಹತ್ತಿರವೂ ಒಂದು ದೂರು ಇದೆ. ಓದುಗರ ಪತ್ರವನ್ನು ಇ-ಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿಯೇ ಕಳಿಸಿ ಅನ್ನುತ್ತೀರಿ. ನಾನು ಇದನ್ನು ಕೈಯಲ್ಲಿ ಬರೆದೆ, ಹನ್ನೊಂದು ಪುಟ ಆಯಿತು. ಮಗಳು ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾಳೆ, ರಜೆಗೆ ಬಂದಾಗ ಫೋನ್ ಹಿಡಿದುಕೊಂಡು ಓದಿ ಅಂದಳು. ನಾನು ಓದಿದ್ದನ್ನು ಅದು ಅಕ್ಷರ ಮಾಡಿತು. ಅತ್ತೆ ಅಂದದ್ದು ಐದಾರು ಕಡೆ ಕತ್ತೆ ಆಗಿತ್ತು. ಅದನ್ನೆಲ್ಲ ಕೂತು ತಿದ್ದಿದ್ದೇವೆ, ಒಂದೆರಡು ಉಳಿದಿದ್ದರೆ ದಯವಿಟ್ಟು ನೋಡಿಕೊಳ್ಳಿ, ಇದನ್ನು ಅವರಿಗೆ ಓದಿ ಹೇಳಬೇಕು. ಕಳಿಸುವುದು ಎಲ್ಲಿಂದ ಅಂತ ಕೇಳಬೇಡಿ, ನೇರಳೆ ಮರ ಇನ್ನೂ ಇದೆ. ಸೇತುವೆ ಬಂತು, ಸಿಗ್ನಲ್ ಕೆಳಗಿಳಿದು ಬಂದಿಲ್ಲ.

ಸ್ಥಳಾವಕಾಶ ನೋಡಿಕೊಂಡು ಕತ್ತರಿಸುತ್ತೀರಿ ಅಂತ ಗೊತ್ತು. ಇನ್‌ಲ್ಯಾಂಡಿನಲ್ಲಿ ಬರೆದು ಅಭ್ಯಾಸವಾದವಳು ನಾನು, ಬೇಜಾರಿಲ್ಲ. ಕಾಶ್ಮೀರ ತೆಗೆಯಿರಿ, ಪರೀಕ್ಷೆ ತೆಗೆಯಿರಿ, ನನ್ನ 499 ರೂಪಾಯಿಯ ಕೋರ್ಸನ್ನಂತೂ ಖಂಡಿತ ತೆಗೆಯಿರಿ. ಚುಕ್ಕಿಯ ಕರುವನ್ನು ಮಾತ್ರ ಬಿಡಿ. ಮಂಗಳವಾರ ಅನ್ನುವುದನ್ನೂ, ಹಣೆಯ ಬಿಳಿಯನ್ನೂ ಬಿಡಿ. ಆ ಕರುವಿಗೆ ಈಗ ಮೂರನೇ ಕರು ಹೊಟ್ಟೆಯಲ್ಲಿದೆ.

ಇಂತಿ,
ಹಿನ್ನೀರಿನ ಕಡೆಯ ಒಬ್ಬ ಗೃಹಿಣಿ,
ಸಾಗರ ತಾಲ್ಲೂಕು